ಕಿವಿ ತೋರಿಸಿದ ಅಜ್ಜಿ ಮತ್ತು ಪುರಸಭೆಯ ಪರವಾನಗಿ

ಮೊನ್ನೆ ಬುಧವಾರ ತಮ್ಮನ ಚಿನ್ನದಂಗಡಿಯಲ್ಲಿ ಅಜ್ಜಿಯೊಬ್ಬರು ಸೆರಗು ಸರಿಸಿ ತಮ್ಮ ಕಿವಿಯನ್ನು ತೋರಿಸಿದ ದೃಶ್ಯ ಇನ್ನೂ ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ. ಅವರು ಒಂದು ಜೊತೆ ಹಳೆಯ ಬೆಂಡೋಲೆಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಮಾರಲು ಬಂದಿದ್ದರು. ಒರೆಗಲ್ಲನ್ನು ಕೈಗೆತ್ತಿಕೊಳ್ಳುವ ಮೊದಲೇ ತಮ್ಮ, "ಅಮ್ಮಾ, ಇದು ಯಾರದ್ದು? ರಸೀದಿ ಏನಾದ್ರೂ ಇದ್ಯಾ?" ಎಂದು ಕೇಳಿದ. ಅವರು ಸಿಟ್ಟಾಗಲಿಲ್ಲ. "ನನ್ನ ಮದುವೇಲಿ ಅಪ್ಪ ಮಾಡಿಸಿದ್ದು ಆಚಾರ್ರೇ. ಕಿವಿ ನೋಡಿ, ಗೊತ್ತಾಗ್ತದೆ" ಎಂದರು. ದಶಕಗಳ ಭಾರಕ್ಕೆ ಹಾಲೆ ಜೋತು ಬಿದ್ದು, ತೂತು ಸೀಳಿನಂತೆ ಉದ್ದವಾಗಿತ್ತು. ಅದು ಮುಚ್ಚಿಹೋಗದಿರಲೆಂದು ಹಿಡಿಕಡ್ಡಿಯ ಚೂರೊಂದನ್ನು ಸಿಕ್ಕಿಸಿಕೊಂಡಿದ್ದರು. ತಮ್ಮ ಅವರ ಆಧಾರ್ ಕಾರ್ಡ್ ಕೇಳಿದ, ಹೆಸರು, ಊರು ಬರೆದುಕೊಂಡ, ಹಣ ಎಣಿಸಿ ಕೊಟ್ಟ. ನಾನು ತಲೆ ತಗ್ಗಿಸಿ ಕುಳಿತಿದ್ದೆ.

ನಾನು ಅಂದು ಊರಿಗೆ ಹೋಗಿದ್ದು ಅಂಗಡಿಯ ಪರವಾನಗಿ ನವೀಕರಣದ ಓಡಾಟಕ್ಕಾಗಿ. ಕಂದಾಯದ ರಸೀದಿಯಲ್ಲಿರುವ ಕಟ್ಟಡದ ನಂಬರಿಗೂ ಬಾಡಿಗೆ ಕರಾರಿನಲ್ಲಿರುವ ನಂಬರಿಗೂ ತಾಳೆಯಾಗಲಿಲ್ಲವೆಂದು ತಮ್ಮನನ್ನು ಪುರಸಭೆಯಿಂದ ಎರಡು ಬಾರಿ ವಾಪಸು ಕಳಿಸಿದ್ದರು. 1964ರ ಪುರಸಭೆಗಳ ಕಾಯ್ದೆಯಡಿ ಕೊಡುವ ಈ ಪರವಾನಗಿಯನ್ನು ನಮ್ಮಲ್ಲಿ ನೋಡಿಕೊಳ್ಳುವುದು ಆರೋಗ್ಯ ಶಾಖೆ. ಅಕ್ಕಸಾಲಿಗನ ಅಂಗಡಿಯಲ್ಲಿ ಬೆಂಕಿಯಿದೆ, ಆಸಿಡ್ಡಿನ ಹೊಗೆಯಿದೆ, ಆದ್ದರಿಂದ ಅದು ನ್ಯಾಯವೇ. ಆದರೆ ಎಷ್ಟು ಚದರ ಅಡಿ, ಎಷ್ಟು ಜನ ಕೆಲಸದವರು ಎಂದೆಲ್ಲ ಕೇಳುವ ಆ ಅರ್ಜಿಯಲ್ಲಿ, ಹಳೆಯ ಚಿನ್ನವನ್ನು ಯಾರಿಂದ ಕೊಳ್ಳುತ್ತೀರಿ, ಅದರ ಲೆಕ್ಕವಿಡುತ್ತೀರಾ ಎಂಬ ಒಂದು ಸಾಲೂ ಇರಲಿಲ್ಲ. ನಾನು ಕೇಳಿಯೇಬಿಟ್ಟೆ. "ಅದೆಲ್ಲ ಪೊಲೀಸಿನವರಿಗೆ ಬಿಟ್ಟಿದ್ದು ಮೇಡಂ" ಎಂದರು ಗುಮಾಸ್ತರು. ಕೆಟ್ಟವರೇನಲ್ಲ, ಕೆಲಸ ಬಲ್ಲವರು. ಆದರೆ ಒಂದು ನಂಬರಿಗಾಗಿ ಅಷ್ಟು ನಿಷ್ಠುರವಾಗಬಲ್ಲವರಿಗೆ ಈ ಪ್ರಶ್ನೆ ಇಷ್ಟು ಹಗುರವಾಗಿ ಕಂಡದ್ದು ನನಗೆ ಬೇಸರ ತಂದಿತು.

ಹಾಗೆಂದು ಈ ವ್ಯಾಪಾರಕ್ಕೆ ನಿಯಮಗಳೇ ಇಲ್ಲವೆಂದಲ್ಲ. 2021ರ ಜೂನ್‌ನಿಂದ ಚಿನ್ನದ ಶುದ್ಧತೆಯ ಮುದ್ರೆಯಾದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗುತ್ತ ಬಂದಿದೆ, 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ 6 ಅಕ್ಷರ-ಅಂಕಿಗಳ ಗುರುತು ಇರಲೇಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು. ಅಡವು ಹಿಡಿಯುವವನು 1961ರ ಗಿರವಿದಾರರ ಕಾಯ್ದೆಯಡಿ ಬೇರೆಯೇ ಪರವಾನಗಿ ಪಡೆದು, ಚೀಟಿ ಕೊಟ್ಟು, ಪುಸ್ತಕ ಬರೆಯಬೇಕು. 10 ಲಕ್ಷ ರೂಪಾಯಿ ಮತ್ತು ಅದಕ್ಕೂ ಮೇಲಿನ ನಗದು ವ್ಯವಹಾರ ಮಾಡುವ ಚಿನ್ನ, ಹರಳುಗಳ ವ್ಯಾಪಾರಿಗಳನ್ನು 2020ರ ಕೊನೆಯಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೂ ತಂದರು. ಇವೆಲ್ಲ ಅಂಗಡಿಯಿಂದ ಹೊರಹೋಗುವ ಒಡವೆಯನ್ನೋ, ಅಡವಿಟ್ಟದ್ದನ್ನೋ, ದೊಡ್ಡ ಮೊತ್ತವನ್ನೋ ನೋಡುತ್ತವೆ. ಹಾಲ್‌ಮಾರ್ಕ್ ಇಲ್ಲದ ಹಳೆಯ ಬೆಂಡೋಲೆ ನಗದಿಗೆ ಮಾರಾಟವಾಗಿ ಸಂಜೆಯೊಳಗೆ ಮೂಸೆಗೆ ಬಿದ್ದರೆ, ಅದು ಕದ್ದದ್ದೋ ತವರಿನದ್ದೋ ಎಂದು ಹೇಳಲು ಕಿವಿಯೂ ಉಳಿಯುವುದಿಲ್ಲ, ಒಡವೆಯೂ ಉಳಿಯುವುದಿಲ್ಲ.

ಅಪ್ಪನಿಗೆ ಸರ್ಕಾರದ ಪುಸ್ತಕಗಳೆಂದರೆ ಭಯವಿತ್ತು. 1963ರಲ್ಲಿ 14 ಕ್ಯಾರೆಟ್‌ಗಿಂತ ಶುದ್ಧವಾದ ಒಡವೆ ಮಾಡಕೂಡದೆಂದಾಗ ನಮ್ಮ ಕೇರಿಯ ಕುಲುಮೆಗಳು ತಣ್ಣಗಾದ ಕಥೆಯನ್ನು ಅವರು ಊಟದ ಹೊತ್ತಿನಲ್ಲೂ ಹೇಳುತ್ತಿದ್ದರು. 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾದ ದಿನ ಮನೆಯಲ್ಲಿ ಪಾಯಸ ಮಾಡಿಸಿದ್ದರು. ಆದರೂ ಕೊಂಡ ಹಳೆಯ ಚಿನ್ನವನ್ನು ಏಳು ದಿನ ಕರಗಿಸದೆ ಇಡುವ ಪದ್ಧತಿಯನ್ನು ತಾವಾಗಿಯೇ ಹಾಕಿಕೊಂಡರು. ಒಮ್ಮೆ ಪೊಲೀಸರು ಕಳ್ಳನನ್ನು ಕರೆತಂದು ನಿಲ್ಲಿಸಿದಾಗ, ಅವನು ಮಾರಿದ್ದ ಸರ ಆಗಲೇ ಕರಗಿಹೋಗಿತ್ತು. ಅಷ್ಟೇ ತೂಕದ ಗಟ್ಟಿಯನ್ನು ಅಂಗಡಿಯಿಂದ ಒಯ್ದರು. ನಷ್ಟಕ್ಕಿಂತ, ಆ ಸರದ ಒಡತಿ ಬಾಗಿಲಲ್ಲಿ ನಿಂತು ಅತ್ತದ್ದು ಅಪ್ಪನನ್ನು ಹೆಚ್ಚು ಕಾಡಿತು.

ತಮ್ಮ ಅದೇ ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಾನೆ, ಆ ವಿಷಯದಲ್ಲಿ ನನಗೆ ಅವನ ಮೇಲೆ ಗೌರವವಿದೆ. ಆದರೆ ಅಜ್ಜಿ ಬರುವ ಒಂದು ಗಂಟೆ ಮುಂಚೆ ಕಾರಿನಲ್ಲಿ ಬಂದ ಒಬ್ಬರು ಎರಡೆಳೆಯ ಸರ ಮಾರಿ ಹೋಗಿದ್ದರು. ಅವರಿಗೆ ಕುರ್ಚಿ ಸಿಕ್ಕಿತು, ಚಹಾ ಬಂತು, ಯಾರದ್ದು ಎಂಬ ಪ್ರಶ್ನೆ ಮಾತ್ರ ಬರಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಕಾರಣ ಕೇಳಿದೆ. "ಅಂಥವರನ್ನ ಹೇಗೆ ಕೇಳೋದಕ್ಕಾ? ನಾಳೆಯಿಂದ ಪಕ್ಕದ ಅಂಗಡಿಗೆ ಹೋಗ್ತಾರೆ" ಎಂದ. ಅವನ ಮಾತಿನಲ್ಲಿ ಸುಳ್ಳಿಲ್ಲ, ಅದೇ ನನಗೆ ಸಂಕಟ. ಕೇಳುವುದು ಅಂಗಡಿಯವನ ಮನಸ್ಸಿಗೆ ಬಿಟ್ಟದ್ದಾದಾಗ ಅವನು ಬಟ್ಟೆ ನೋಡಿ, ಚಪ್ಪಲಿ ನೋಡಿ ಕೇಳುತ್ತಾನೆ, ಕಿವಿ ತೋರಿಸುವ ಸರದಿ ಯಾವಾಗಲೂ ಬಡವರದ್ದೇ ಆಗುತ್ತದೆ. ಅದೇ ಮಾತು ಗೋಡೆಯ ಮೇಲಿನ ಪರವಾನಗಿಯಲ್ಲಿ ಷರತ್ತಾಗಿ ಅಚ್ಚಾಗಿದ್ದು, ಪಕ್ಕದ ಅಂಗಡಿಗೂ ಅನ್ವಯಿಸುವಂತಿದ್ದರೆ, ಕಾರಿನವರಿಗೂ ಅದನ್ನೇ ತೋರಿಸಿ ತಮ್ಮ ಕೇಳಬಹುದಿತ್ತು, ಅಜ್ಜಿಗೂ ಅದು ಅವಮಾನವಾಗುತ್ತಿರಲಿಲ್ಲ. ಇನ್ನೊಂದು ಷರತ್ತೆಂದರೆ ಇನ್ನೊಬ್ಬ ಇನ್‌ಸ್ಪೆಕ್ಟರ್ ಎಂದು ತಮ್ಮ ಹೆದರುತ್ತಾನೆ. ಆ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಅಪ್ಪನ ಮಗಳಾಗಿ ತಳ್ಳಿಹಾಕಲಾರೆ. ಆದರೂ ಪುರಸಭೆಗೆ ಒಂದು ಮನವಿ ಬರೆದಿದ್ದೇನೆ, ಸೋಮವಾರ ಕೊಡಲಿದ್ದೇನೆ.

ಮರುದಿನ ಊರಿನಿಂದ ಹೊರಡುವ ಮುನ್ನ ಅಂಗಡಿಯ ಪುಸ್ತಕವನ್ನು ತೆರೆದು ನೋಡಿದೆ. ಅಜ್ಜಿಯ ಹೆಸರು, ಊರು, ಆಧಾರ್ ನಂಬರು, ತೂಕ, ಹೆಬ್ಬೆಟ್ಟಿನ ಗುರುತು ಎಲ್ಲವೂ ಇತ್ತು. ಅದರ ಮೇಲಿನ ಸಾಲಿನಲ್ಲಿ ಸರದ ತೂಕ, ಕೊಟ್ಟ ಹಣ ಇಷ್ಟೇ ಇತ್ತು. ಪೆನ್ನನ್ನು ತಮ್ಮನ ಮುಂದೆ ಇಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನಿನಲ್ಲಿ ಅವರ ನಂಬರು ಹುಡುಕತೊಡಗಿದ.