ಮೇಜಿನ ಮೇಲೆ ಎರಡು ವಿಮಾನ

ಒಂದೇ ಅಳತೆಯಲ್ಲಿ ಮಾಡಿದ ಎರಡು ವಿಮಾನಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೇ ಅಜ್ಜಮಾಡ ದೇವಯ್ಯನವರು ಮಾಡಿದ್ದೇನು ಎಂಬುದು ನನ್ನ ಕಣ್ಣಿಗೆ ಕಟ್ಟಿದ್ದು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಕೊಡಗಿನಲ್ಲಿ ಬೆಳೆದ ನಮಗೆಲ್ಲ ಆ ಕಥೆ ಬಾಯಿಪಾಠ: 1965ರ ಭಾರತ-ಪಾಕಿಸ್ತಾನ ಯುದ್ಧ, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ, ನಿಧಾನದ ವಿಮಾನದಲ್ಲಿ ಹೋಗಿ ವೇಗದ ವಿಮಾನವನ್ನು ಹೊಡೆದು ಕೆಡವಿದರು, ತಾವೂ ಮರಳಲಿಲ್ಲ. ಇಷ್ಟನ್ನು ಎರಡು ಉಸಿರಿನಲ್ಲಿ ಹೇಳಿ ಮುಗಿಸಬಹುದು, ನಾವು ಹಾಗೆಯೇ ಹೇಳಿ ಮುಗಿಸುತ್ತ ಬಂದಿದ್ದೇವೆ.

ನಾನು ಮೈಸೂರಿನಲ್ಲಿ ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕ. ಪ್ಲಾಸ್ಟಿಕ್ ಕಿಟ್ ತರಿಸಿ, ಅಂಟಿಸಿ, ಬಣ್ಣ ಹಚ್ಚಿ ವಿಮಾನಗಳ ಸ್ಕೇಲ್ ಮಾಡೆಲ್ ಮಾಡುವುದು ಬಹಳ ವರ್ಷಗಳ ಅಭ್ಯಾಸ. ಸೋಮವಾರಪೇಟೆ ಕಡೆಯ ಒಂದು ಹೈಸ್ಕೂಲಿನ ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಸೆಪ್ಟೆಂಬರ್ 7ಕ್ಕೆ ನಮ್ಮ ಮಕ್ಕಳಿಗೆ ದೇವಯ್ಯನವರ ಬಗ್ಗೆ ಹೇಳಬೇಕು. ಭಾಷಣ ಬೇಡ, ನಿಮ್ಮ ಹತ್ತಿರ ಅವರ ವಿಮಾನ ಇದ್ದರೆ ತನ್ನಿ" ಎಂದರು. ಇರಲಿಲ್ಲ. ಆ ಮಳೆಗಾಲ ಪೂರ್ತಿ ನಾನು ಮಾಡಿದ್ದು ಅದನ್ನೇ.

ದೇವಯ್ಯನವರು ಹಾರಿಸಿದ ಮಿಸ್ಟೇರ್ 4ಎ ಫ್ರಾನ್ಸಿನ ಡಸಾಲ್ಟ್ ಕಂಪನಿಯ ವಿಮಾನ. ಇವತ್ತು ರಫೇಲ್ ಮಾಡುವುದೂ ಅದೇ ಕಂಪನಿ. 1957ರಿಂದ ನಮ್ಮ ವಾಯುಪಡೆಗೆ ನೂರಕ್ಕೂ ಹೆಚ್ಚು ಮಿಸ್ಟೇರ್‌ಗಳು ಬಂದವು. ಒಂದೇ ಎಂಜಿನ್, ಒಬ್ಬನೇ ಪೈಲಟ್, ಮೂತಿಯ ಕೆಳಗೆ ಎರಡು 30 ಮಿಲಿಮೀಟರ್ ಗನ್. ನೇರ ಹಾರಾಟದಲ್ಲಿ ಶಬ್ದದ ವೇಗ ದಾಟುವಂಥದ್ದಲ್ಲ. ಉದ್ದ ಹದಿಮೂರು ಮೀಟರಿಗೆ ತುಸು ಕಡಿಮೆ. 72ರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದರೆ ಹದಿನೆಂಟು ಸೆಂಟಿಮೀಟರಿನಷ್ಟು, ಅಂಗೈಯಿಂದ ತುಸು ಆಚೆ ಚಾಚುವ ಗಾತ್ರ.

ಕಿಟ್ಟಿನ ಜೊತೆ ಬಂದ ಡೀಕಾಲ್‌ಗಳೆಲ್ಲ, ಅಂದರೆ ಮೈಮೇಲೆ ಅಂಟಿಸುವ ಗುರುತಿನ ಚಿತ್ರಗಳೆಲ್ಲ, ಫ್ರೆಂಚ್ ವಾಯುಪಡೆಯವು. ನಮ್ಮ ಚಕ್ರ, ಅಂದರೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರಿನ ವೃತ್ತವನ್ನು ನಾನೇ ಅಳತೆಗೆ ಕತ್ತರಿಸಿದ ಮರೆಯಿಟ್ಟು ಏರ್‌ಬ್ರಷ್‌ನಲ್ಲಿ ಬಿಡಿಸಿದೆ. ಆ ಕಾಲದ ಭಾರತೀಯ ಮಿಸ್ಟೇರ್‌ಗಳ ಫೋಟೊಗಳಲ್ಲಿ ಕಾಣುವುದು ಲೋಹದ ಬರಿಮೈ ಹೊಳಪು. ಮಾಡೆಲ್ ಮಾಡುವವರಿಗೆ ಇದರಷ್ಟು ಕಷ್ಟದ್ದು ಇನ್ನೊಂದಿಲ್ಲ. ಹಸಿರು, ಕಂದು ಬಣ್ಣ ಹಚ್ಚುವುದಾದರೆ ಸಣ್ಣಪುಟ್ಟ ಗೀರು ಮುಚ್ಚಿಹೋಗುತ್ತದೆ. ಲೋಹದ ಹೊಳಪು ಏನನ್ನೂ ಮುಚ್ಚುವುದಿಲ್ಲ. ಮೊದಲು ಪುಟ್ಟಿ ಹಾಕಿ ಜೋಡಣೆಯ ಗೆರೆಗಳನ್ನು ನೀರಿನಲ್ಲಿ ಉಜ್ಜಿ ಸಪಾಟು ಮಾಡಬೇಕು, ಮೇಲೆ ಹೊಳೆಯುವ ಕಪ್ಪು ಬಣ್ಣದ ಪದರ, ಅದು ಕನ್ನಡಿಯ ಹಾಗಾದ ಮೇಲೆ ಬೆಳ್ಳಿ ಬಣ್ಣವನ್ನು ತೆಳ್ಳಗೆ ಎರಚಬೇಕು. ಮಳೆಗಾಲದ ತೇವಕ್ಕೆ ಕಪ್ಪು ಬಣ್ಣ ಒಣಗುವುದೇ ತಡ. ಒಣಗುವುದನ್ನು ಕಾಯುತ್ತ ನಾನು ದೇವಯ್ಯನವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಯುದ್ಧ ಶುರುವಾದಾಗ ಅವರು ಪೈಲಟ್‌ಗಳಿಗೆ ಹಾರಾಟ ಕಲಿಸುವ ಬೋಧಕ. ಅಲ್ಲಿಂದ ಒಂದನೇ ಸ್ಕ್ವಾಡ್ರನ್ನಿಗೆ, 'ಟೈಗರ್ಸ್' ಎಂದು ಹೆಸರಾದ ದಳಕ್ಕೆ ಸೇರಿಕೊಂಡರು. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟ್ ನೆಲೆಯ ಮೇಲೆ ಎರಗಿದವು. ಮರುದಿನ ಮುಂಜಾವಿನಲ್ಲಿ ಪಂಜಾಬಿನ ಆದಂಪುರದಿಂದ ಸರ್ಗೋಧಾದ ಮೇಲೆ ಪ್ರತಿದಾಳಿ, ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ಹೊರಡಬೇಕಾದ ಹನ್ನೆರಡು ಮಿಸ್ಟೇರ್‌ಗಳ ಪಟ್ಟಿಯಲ್ಲಿ ದೇವಯ್ಯನವರು ಇರಲಿಲ್ಲ. ಯಾವುದಾದರೂ ವಿಮಾನ ಹೊರಡಲಾಗದಿದ್ದರೆ ಅದರ ಜಾಗಕ್ಕೆ ಸೇರಲು ಕಾದಿರಿಸಿದ ಪೈಲಟ್ ಅವರು. ಜಾಗ ತೆರವಾಯಿತು, ಅವರು ಹೋದರು. ಅವರಿಗಾಗ 32 ವರ್ಷ.

ರೆಕ್ಕೆಯ ಕೆಳಗೆ ತೂಗುಹಾಕುವ ಹೆಚ್ಚುವರಿ ಇಂಧನದ ಟ್ಯಾಂಕುಗಳನ್ನು ಕೂರಿಸಿದ ರಾತ್ರಿ ನಾನು ಬಹಳ ಹೊತ್ತು ಎದ್ದಿದ್ದೆ. ಕಿಟ್ಟಿನಲ್ಲಿ ಅವು ಎರಡೆರಡು ತುಂಡು, ಅಂಟಿಸಿ ಉಜ್ಜಿದರೆ ಕೆಲಸ ಮುಗಿಯಿತು. ಆದರೆ ಅವು ಯಾಕಿವೆ ಎಂದು ಯೋಚಿಸಿದರೆ ಆ ದಿನದ ಲೆಕ್ಕ ಎದ್ದು ನಿಲ್ಲುತ್ತದೆ. ಆದಂಪುರದಿಂದ ಸರ್ಗೋಧಾಕ್ಕೆ ನೇರವಾಗಿ ಸುಮಾರು 300 ಕಿಲೋಮೀಟರ್. ರಾಡಾರಿಗೆ ಸಿಗದಂತೆ ಮರದ ತುದಿ ಸವರುವಷ್ಟು ಕೆಳಗೆ ಹಾರಬೇಕು. ಅಲ್ಲಿ ಗಾಳಿ ದಟ್ಟ, ಜೆಟ್ ಎಂಜಿನ್ ಇಂಧನವನ್ನು ಬೇಗ ಬೇಗ ಸುಟ್ಟುಬಿಡುತ್ತದೆ. ಹೋಗಿ, ಬಾಂಬು ರಾಕೆಟ್ ಹಾಕಿ, ನೇರ ಮನೆಗೆ ಮರಳುವುದಕ್ಕೆ ಸಾಕಾಗುವಷ್ಟು ಮಾತ್ರ ಇಂಧನ. ದಾರಿಯಲ್ಲಿ ನಿಂತು ಕಾದಾಡುವುದಕ್ಕೆಂದು ಅದರಲ್ಲಿ ಪಾಲಿರಲಿಲ್ಲ. ಅಲ್ಲಿ ತಿರುಗಿ ನಿಂತವನಿಗೆ, ಗುಂಡು ತಾಗದಿದ್ದರೂ ಮನೆ ತಲುಪುವ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಬೋಧಕರಾಗಿದ್ದ ದೇವಯ್ಯನವರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎದುರು ಬಂದದ್ದು ಎಫ್-104 ಸ್ಟಾರ್‌ಫೈಟರ್. ಪಾಕಿಸ್ತಾನಕ್ಕೆ ಅಮೆರಿಕ ಕೊಟ್ಟದ್ದು, ಶಬ್ದದ ಎರಡರಷ್ಟು ವೇಗದ್ದು. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ದೇವಯ್ಯನವರ ವಿಮಾನಕ್ಕೆ ಪೆಟ್ಟು ಬಿತ್ತು. ಪೆಟ್ಟು ಬಿದ್ದ ವಿಮಾನವನ್ನೇ ತಿರುಗಿಸಿ ಅವರು ಕಾದಾಡಿದರು. ಅವರ ಗುಂಡು ಸ್ಟಾರ್‌ಫೈಟರಿಗೆ ತಾಗಿತು, ಅದು ಹಿಡಿತ ತಪ್ಪಿ ಬಿತ್ತು, ಅಮ್ಜದ್ ಹುಸೇನ್ ಹೊರಗೆ ಜಿಗಿದು ಬದುಕಿದರು. ದೇವಯ್ಯನವರು ಅಲ್ಲೇ ಎಲ್ಲೋ ಬಿದ್ದರು. ಹಳ್ಳಿಯವರು ಅವರ ದೇಹವನ್ನು ಅಲ್ಲೇ ಮಣ್ಣು ಮಾಡಿದರೆಂದು ಎಷ್ಟೋ ವರ್ಷಗಳ ನಂತರ ವರದಿಯಾಯಿತು.

ಇದು ಯಾವುದೂ ನಮ್ಮವರಿಗೆ ಆಗ ಗೊತ್ತಿರಲಿಲ್ಲ. ಜೊತೆಗೆ ಹಾರಿದವರು ಮುಂದೆ ಸಾಗಿದ್ದರು, ಆ ಕಾಳಗವನ್ನು ಕಂಡವರು ನಮ್ಮ ಕಡೆ ಒಬ್ಬರೂ ಇಲ್ಲ. ಕಡತದಲ್ಲಿ ಅವರು ಕಾಣೆಯಾದವರು. 1979ರಲ್ಲಿ ಒಬ್ಬ ಬ್ರಿಟಿಷ್ ಲೇಖಕರು ಪಾಕಿಸ್ತಾನದ ವಾಯುಪಡೆಯವರ ಮಾತುಗಳನ್ನು ಆಧರಿಸಿ ಬರೆದ ಪುಸ್ತಕದಲ್ಲಿ, ಸ್ಟಾರ್‌ಫೈಟರಿನ ಎದುರು ನಿಂತು ಕಾದಾಡಿದ ಒಂದು ಮಿಸ್ಟೇರ್‌ನ ಪ್ರಸ್ತಾಪ ಬಂತು. ಬೆಳಗಿನ ಆ ದಾಳಿಯಿಂದ ಮರಳದೆ ಹೋದ ಮಿಸ್ಟೇರ್ ಒಂದೇ. ತನೇಜಾ ಈ ವಿಷಯದ ಬೆನ್ನುಹತ್ತಿದರು. 1988ರಲ್ಲಿ, ಸತ್ತು 23 ವರ್ಷದ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಸ್ವೀಕರಿಸಿದವರು ಅವರ ಪತ್ನಿ ಸುಂದರಿ ದೇವಯ್ಯ. ಆ 23 ವರ್ಷಗಳನ್ನು ಆ ತಾಯಿ ಹೇಗೆ ಕಳೆದಿರಬಹುದು ಎಂದು ನೆನೆದರೆ ನನ್ನ ಕೈ ಕೆಲಸದ ಮೇಲೆ ನಿಲ್ಲುತ್ತಿರಲಿಲ್ಲ.

ಇದನ್ನು ಓದಿದ ಮೇಲೆಯೇ ಸ್ಟಾರ್‌ಫೈಟರನ್ನೂ ಮಾಡಬೇಕೆಂದು ತೀರ್ಮಾನಿಸಿದೆ. ಅದನ್ನೂ 72ನೇ ಒಂದು ಪಾಲಿನಲ್ಲಿ, ಅಷ್ಟೇ ಕಾಳಜಿಯಿಂದ, ಬಾಲದ ಮೇಲೆ ಚಂದ್ರ ನಕ್ಷತ್ರದ ಹಸಿರು ಪಟ್ಟಿ ಸಮೇತ.

ಮಿಸ್ಟೇರ್ ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ಉಳಿದಿತ್ತು. ಗನ್ ಹಾರಿಸಿದ ವಿಮಾನದ ಮೂತಿಯಲ್ಲಿ ಮಸಿ ಹಿಡಿದಿರುತ್ತದೆ. ಕಪ್ಪು ಪುಡಿಯನ್ನು ಕುಂಚದಲ್ಲಿ ತೀಡಿ ಆ ಮಸಿ ತೋರಿಸುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ, ಮಾಡೆಲ್‌ಗೆ ಜೀವ ಬರುವುದೇ ಅದರಿಂದ. ದೇವಯ್ಯನವರ ಸಾಹಸಕ್ಕೆ ಸಾಕ್ಷಿಯೇ ಆ ಎರಡು ಗನ್ನು, ಅಲ್ಲಿ ಮಸಿ ಇರಲೇಬೇಕು ಎಂದುಕೊಂಡಿದ್ದೆ. ನಮ್ಮ ಬೀದಿಯಲ್ಲಿ ವಾಯುಪಡೆಯಲ್ಲಿ ಗನ್ನು, ಮದ್ದುಗುಂಡಿನ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಸಂಜೆ ಬಂದು ಕೂತು ನನ್ನ ಕೆಲಸ ನೋಡುತ್ತಾರೆ. "ಮಸಿ ಎಷ್ಟಿರಬೇಕು ಅಂಕಲ್?" ಎಂದು ಕೇಳಿದೆ. ಅವರು ವಿಮಾನವನ್ನು ಕೈಗೆತ್ತಿಕೊಂಡು ಮೂತಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಮೇಷ್ಟ್ರೇ, ಹೊರಡೋಕ್ಕೆ ಮುಂಚೆ ನಾವು ಗನ್ ಒರೆಸಿ ಚೊಕ್ಕ ಮಾಡಿ ಕಳಿಸ್ತಿದ್ವಿ. ಮಸಿ ಹಿಡಿದಿದೆ ಅಂದ್ರೆ ಅದು ವಾಪಸ್ ಬಂದ ವಿಮಾನ. ನಾವು ಮಸಿ ನೋಡೋದೇ ಅದು ಬಂದು ಇಳಿದ ಮೇಲೆ. ಇದು ಬರಲೇ ಇಲ್ವಲ್ಲ."

ಕಪ್ಪು ಪುಡಿಯ ಡಬ್ಬಿಯನ್ನು ಮುಚ್ಚಿ ಒಳಗಿಟ್ಟೆ. ಮಾಡೆಲ್‌ನ ಗನ್ನುಗಳು ಈಗಲೂ ಚೊಕ್ಕವಾಗಿಯೇ ಇವೆ.

ಕೊಡಗಿನಲ್ಲಿ ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ. ಕೋವಿಗೆ ಹೂವಿಟ್ಟು ಪೂಜೆ ಮಾಡುವ ಹಬ್ಬ. ಅದರ ಗದ್ದಲ ಇಳಿದ ಮೇಲೆ, 7ರ ಬೆಳಿಗ್ಗೆ, ಎರಡೂ ವಿಮಾನಗಳನ್ನು ಸ್ಪಂಜು ಹಾಸಿದ ಪೆಟ್ಟಿಗೆಯಲ್ಲಿಟ್ಟುಕೊಂಡು ಶಾಲೆಗೆ ಹೋದೆ. ಹಂಚಿನ ಮೇಲೆ ಮಳೆ ಬೀಳುತ್ತಿತ್ತು, ದನಿ ಎತ್ತಿ ಮಾತಾಡಬೇಕಾಗಿತ್ತು. ಮೇಜಿನ ಮೇಲೆ ಇಟ್ಟೆ. ಮಕ್ಕಳಿಗಿಂತ ಮೊದಲು ಊರಿನ ಹಿರಿಯರೊಬ್ಬರು, ಆ ದಿನಕ್ಕೆಂದು ಬಂದವರು, ಸ್ಟಾರ್‌ಫೈಟರ್ ಕಡೆ ಬೆರಳು ತೋರಿಸಿ, "ಇದು ಪಾಕಿಸ್ತಾನದವರದ್ದಲ್ವಾ? ಇವತ್ತಿನ ದಿನ ಇದನ್ನ ಯಾಕೆ ತಂದ್ರಿ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಅವರ ಮನೆಯಲ್ಲೂ ಸೈನ್ಯಕ್ಕೆ ಹೋದವರಿದ್ದರು ಎಂದು ಆಮೇಲೆ ತಿಳಿಯಿತು. ಆ ಪ್ರಶ್ನೆಗೆ ಮಕ್ಕಳ ಮುಂದೆಯೇ ಉತ್ತರ ಹೇಳುವುದು ಸರಿ ಎನಿಸಿ, "ದಯವಿಟ್ಟು ಕೂತ್ಕೊಳ್ಳಿ, ಪಾಠ ಮುಗಿಯಲಿ" ಎಂದೆ.

ಮಕ್ಕಳಿಗೆ ಗ್ರಾಫ್ ಹಾಳೆ ಕೊಟ್ಟೆ. ಎರಡೂ ವಿಮಾನಗಳನ್ನು ಹಾಳೆಯ ಮೇಲಿಟ್ಟು ರೆಕ್ಕೆಯ ಸುತ್ತ ಪೆನ್ಸಿಲಿನಿಂದ ಗೀಚಿ, ನಡುವಿನ ಮೈಯ ಭಾಗವನ್ನೂ ಸೇರಿಸಿ ಚೌಕ ಎಣಿಸಲು ಹೇಳಿದೆ. ಮಿಸ್ಟೇರ್‌ನದು ಸುಮಾರು 60 ಚದರ ಸೆಂಟಿಮೀಟರ್ ಬಂತು, ಸ್ಟಾರ್‌ಫೈಟರಿನದು 35. ನಿಜವಾದ ಅಳತೆಯಲ್ಲಿ ಅವು 32 ಮತ್ತು 18 ಚದರ ಮೀಟರ್. ಸ್ಟಾರ್‌ಫೈಟರ್ ಉದ್ದದಲ್ಲಿ ಮಿಸ್ಟೇರ್‌ಗಿಂತ ನಾಲ್ಕು ಮೀಟರಿನಷ್ಟು ದೊಡ್ಡದು, ತೂಕದಲ್ಲೂ ಕಡಿಮೆಯೇನಲ್ಲ. ಅಷ್ಟು ಭಾರ ಹೊರಲು ಅಷ್ಟೇ ಅಷ್ಟು ರೆಕ್ಕೆ. ಬಾಣದ ಹಾಗೆ ನೇರ ಹೋಗುವುದಕ್ಕೆ ಮಾಡಿದ ವಿಮಾನ ಅದು. ವೇಗ ಇಳಿಸಿ ಬಿಗಿಯಾಗಿ ತಿರುಗಬೇಕಾದರೆ ರೆಕ್ಕೆ ಸಾಲುವುದಿಲ್ಲ. ಅದರೊಡನೆ ಓಡಿ ತಪ್ಪಿಸಿಕೊಳ್ಳಲು ಮಿಸ್ಟೇರ್‌ಗೆ ಎಂದೂ ಆಗದು, ಆದರೆ ನೆಲದ ಹತ್ತಿರ, ತಿರುಗಾಟದ ಕಾಳಗಕ್ಕೆ ಅದನ್ನು ಎಳೆದರೆ ಮಿಸ್ಟೇರ್‌ಗೂ ಒಂದು ಅವಕಾಶವಿದೆ. ಅಗಲ ರೆಕ್ಕೆಯ ಆ ಒಂದು ಅನುಕೂಲಕ್ಕೆ ದೇವಯ್ಯನವರು ತೆತ್ತ ಬೆಲೆ ಮನೆಗೆ ಮರಳುವ ಇಂಧನ. ನಾನು ಇದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಮುಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು, "ಅವರಿಗೆ ಇಷ್ಟೆಲ್ಲ ಯೋಚನೆ ಮಾಡೋಕೆ ಟೈಮ್ ಎಲ್ಲಿತ್ತು ಸರ್?" ಎಂದಳು.

ಇರಲಿಲ್ಲ, ಹೌದು. ಆದರೆ ವರ್ಷಗಟ್ಟಲೆ ಇನ್ನೊಬ್ಬರಿಗೆ ಹಾರಾಟ ಕಲಿಸಿದವರ ಕೈಗೆ ಇದು ಯೋಚಿಸದೆಯೂ ಗೊತ್ತಿರುತ್ತದೆ ಎಂದೆ. ಅವಳು ತಲೆಯಾಡಿಸಿ ಕೂತಳು, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಳು. "ಮತ್ತೆ ಯಾರೂ ನೋಡಲಿಲ್ಲ ಅಂದ್ರಿ. ನಮಗೆ ಹೇಗೆ ಗೊತ್ತಾಯ್ತು?"

ಆ ಹಿರಿಯರ ಪ್ರಶ್ನೆಗೂ ಇದೇ ಉತ್ತರ. ಅಲ್ಲಿದ್ದವರು ಇಬ್ಬರೇ. ಒಬ್ಬರು ಹೇಳಲು ಉಳಿಯಲಿಲ್ಲ. ಇನ್ನೊಬ್ಬರು ಉಳಿದರು. ತನ್ನನ್ನು ಕೆಡವಿದ್ದು ಪೆಟ್ಟು ತಿಂದ ಒಂದು ಮಿಸ್ಟೇರ್ ಎಂಬ ಮಾತು ಆ ಕಡೆಯಿಂದ ಬಂತು, ಮುಚ್ಚಿಡಬಹುದಾಗಿದ್ದರೂ ಬಂತು. ಅದು ಬಾರದೇ ಹೋಗಿದ್ದರೆ ನಮ್ಮ ಮಡಿಕೇರಿಯ ಪ್ರತಿಮೆಯ ಕೆಳಗೆ ಬರೆಯಲು ಮಹಾವೀರ ಚಕ್ರ ಎಂಬ ಪದ ನಮ್ಮ ಹತ್ತಿರ ಇರುತ್ತಿರಲಿಲ್ಲ. ಮಿಸ್ಟೇರ್ ಒಂದನ್ನೇ ಮೇಜಿನ ಮೇಲಿಟ್ಟರೆ ದೇವಯ್ಯನವರು ಕಾಣೆಯಾದ ಪೈಲಟ್ ಆಗಿಯೇ ಉಳಿಯುತ್ತಾರೆ, ಅವರು ಮಾಡಿದ್ದು ಕಾಣಬೇಕಾದರೆ ಆ ಇನ್ನೊಂದು ವಿಮಾನ ಪಕ್ಕದಲ್ಲಿರಲೇಬೇಕು. ಇದನ್ನು ಹಿರಿಯರ ಕಡೆ ತಿರುಗಿಯೇ ಹೇಳಿದೆ. ಅವರು ಎದ್ದು ಬಂದು ಕನ್ನಡಕ ಸರಿಪಡಿಸಿಕೊಂಡು ಎರಡನ್ನೂ ಬಗ್ಗಿ ನೋಡಿದರು. "ರೆಕ್ಕೆ ಇಷ್ಟೇನಾ ಇದಕ್ಕೆ?" ಎಂದು ಕೇಳಿದರು. ಇಷ್ಟೇ ಎಂದೆ.

ಊಟವಾದ ಮೇಲೆ ಮುಖ್ಯೋಪಾಧ್ಯಾಯರು ಮಿಸ್ಟೇರ್ ಅನ್ನು ಶಾಲೆಗೆ ಬಿಟ್ಟುಹೋಗುತ್ತೀರಾ ಎಂದು ಸಂಕೋಚದಿಂದಲೇ ಕೇಳಿದರು. ಎರಡನ್ನೂ ಇಡುವುದಾದರೆ ಬಿಡುತ್ತೇನೆ ಎಂದೆ. ವಿಜ್ಞಾನದ ಕೊಠಡಿಯ ಗಾಜಿನ ಬೀರುವಿನಲ್ಲಿ ತಕ್ಕಡಿಯನ್ನೂ ಮಸೂರಗಳನ್ನೂ ಒಂದು ಕಡೆ ಸರಿಸಿ ಜಾಗ ಮಾಡಿದರು. ಕೆಳಗಿಡುವ ಚೀಟಿಯನ್ನು ಆ ಹುಡುಗಿಯೇ ಬರೆದಳು, ಅವಳ ಅಕ್ಷರ ಚೆನ್ನಾಗಿತ್ತು. ಒಂದರ ಕೆಳಗೆ "ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ, ಮಹಾವೀರ ಚಕ್ರ", ಇನ್ನೊಂದರ ಕೆಳಗೆ "ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್". ಇಬ್ಬರದ್ದೂ ತಾರೀಖು ಒಂದೇ ಅಲ್ವಾ ಎಂದು ಕೇಳಿ, 7-9-1965 ಎಂದು ಎರಡೂ ಚೀಟಿಯಲ್ಲಿ ಬರೆದಳು.