ಗುಂಡಿಯ ಮೇಲಿನ ನೊರೆಗೂಡು

ಬೆಳಿಗ್ಗೆ ಆರೂಕಾಲಿಗೆ ಮನೆ ಬಿಟ್ಟಾಗ ತಡಿಯಂಡಮೋಳ್ ಬೆಟ್ಟವೇ ಕಾಣುತ್ತಿರಲಿಲ್ಲ. 1748 ಮೀಟರ್ ಎತ್ತರದ ಬೆಟ್ಟ, ಕೊಡಗಿಗೆಲ್ಲ ಅದೇ ಎತ್ತರ, ಮೋಡದೊಳಗೆ ಮುಳುಗಿಹೋಗಿತ್ತು. ಮೃಗಶಿರ ಮಳೆ ಹಿಡಿದು ನಾಲ್ಕು ದಿನ. ರಾತ್ರಿಯಿಡೀ ಸುರಿದು ಈಗ ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಹೀಗೆ ಗಾಳಿ ನಿಂತರೆ ಮುಂದೆ ಬರುವುದು ಜೋರಾಗಿಯೇ ಬರುತ್ತದೆ.

ಆದರೂ ಹೊರಟೆ. ಕಾಲಿಗೆ ಹೊಗೆಸೊಪ್ಪು, ಸುಣ್ಣ ಹಚ್ಚಿಕೊಂಡಿದ್ದೆ, ಆದರೂ ತೋಟ ದಾಟುವಷ್ಟರಲ್ಲಿ ನಾಲ್ಕು ಜಿಗಣೆ ಹತ್ತಿದ್ದವು. ದೇವರಕಾಡಿನೊಳಗೆ ಯಾರೂ ಕತ್ತಿ ಹಾಕುವುದಿಲ್ಲ, ಹಾಗಾಗಿ ಅಲ್ಲಿ ಬೆಳಕು ಇನ್ನೂ ಸರಿಯಾಗಿ ಇಳಿದಿರಲಿಲ್ಲ. ತೋಡಿನ ಕಡೆಯಿಂದ ಮನುಷ್ಯರು ಸುಮ್ನೆ ಸಿಳ್ಳೆ ಹಾಕಿಕೊಂಡು ಹೋದ ಹಾಗೆ ಕಡುನೀಲಿ ಹಕ್ಕಿ ಮಲಬಾರ್ ವಿಸ್ಲಿಂಗ್ ಥ್ರಶ್‌ನ ಹಾಡು.

ನಾನು ಬಂದಿದ್ದು ಕಾಡಿನ ಅಂಚಿನ ಗುಂಡಿಗಾಗಿ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಅಂಗೈಯಷ್ಟು ನೊರೆ ಅಂಟಿಕೊಂಡಿತ್ತು, ಎರಡು ಎಲೆ ಅದಕ್ಕೆ ಸುತ್ತಿಕೊಂಡಿದ್ದವು. ಹಾರುವ ಕಪ್ಪೆಯ ಗೂಡು; ಮರದಿಂದ ಗಾಳಿಯಲ್ಲಿ ತೇಲಿ ಇಳಿಯುವ ಮರಗಪ್ಪೆ ಅದು. ಹೆಣ್ಣು ತನ್ನ ಮೈಯಿಂದ ಬರುವ ಅಂಟುದ್ರವವನ್ನು ಹಿಂಗಾಲಿನಲ್ಲಿ ಕಡೆದು ಕಡೆದು ನೊರೆ ಎಬ್ಬಿಸಿ ಅದರೊಳಗೆ ಮೊಟ್ಟೆ ಇಡುತ್ತದೆ, ಗಂಡು ಬೆನ್ನ ಮೇಲೇ ಇರುತ್ತದೆ. ಹೊರಗಿನ ನೊರೆ ಒಣಗಿ ಸಿಪ್ಪೆಯಂತಾಗುತ್ತದೆ, ಒಳಗೆ ಪಸೆ ಉಳಿಯುತ್ತದೆ. ಹತ್ತಿರ ಹೋಗಿ ನೋಡಿದೆ: ಕೆಳತುದಿ ಸಡಿಲವಾಗಿ ಜೋತಿತ್ತು, ಒಳಗೆ ಸಣ್ಣ ಬಾಲಗಳು ಮಿಸುಕುತ್ತಿದ್ದವು. ಒಂದು ಜೋರು ಮಳೆ ಬಂದರೆ ಸಾಕು, ನೊರೆ ಕರಗಿ ಗೊದಮೊಟ್ಟೆಗಳು ನೇರ ನೀರಿಗೆ. ಕೆಳಗೆ ನೀರಿದ್ದರೆ ಮಾತ್ರ, ಅಲ್ವಾ?

ಹೋದ ವರ್ಷ ರಸ್ತೆ ಬದಿಯ ಇಂಥದ್ದೇ ಗುಂಡಿಗೆ, ಮೇಲೆ ಎರಡು ಗೂಡು ತೂಗುತ್ತಿರುವಾಗಲೇ, ಒಂದು ಲೋಡ್ ಜಲ್ಲಿ ಸುರಿದರು. ಮರಿಗಳು ಕಲ್ಲಿನ ಮೇಲೆ ಬಿದ್ದವು. ಬಕೆಟ್ಟಿಗೆ ಆಯ್ದುಕೊಂಡು ಉಳಿಸಿದ್ದು ಕೆಲವನ್ನಷ್ಟೇ. ಸೊಳ್ಳೆ ಗುಂಡಿ ಅಂತ ಮುಚ್ಚುವ ಮುಂಚೆ ಒಮ್ಮೆ ತಲೆ ಎತ್ತಿ ಕೊಂಬೆ ನೋಡಿ, ದಯವಿಟ್ಟು.

ಇದ್ದಕ್ಕಿದ್ದಂತೆ ಜೀರುಂಡೆಗಳು ನಿಂತವು. ದೂರದಲ್ಲಿ ಮರಗಳು ಭೋರ್ ಎಂದವು. ಗಾಳಿಗೆ ಒಣಕೊಂಬೆ ಎಲ್ಲಿ ಬೀಳುತ್ತದೋ ಹೇಳಲಾಗದು, ನಾನು ಓಡಿದೆ.

ಮಳೆ ಬಿಟ್ಟಿದ್ದು ಮಧ್ಯಾಹ್ನ ಎರಡಕ್ಕೆ. ಊಟ ಬಿಟ್ಟು ಮತ್ತೆ ಹೋದೆ. ಕೊಂಬೆಯಲ್ಲಿ ಎಲೆಗಳಷ್ಟೇ ಒದ್ದೆಯಾಗಿ ಅಂಟಿದ್ದವು. ಚಹಾ ಬಣ್ಣದ ನೀರಿನಲ್ಲಿ, ಕೊಳೆತ ಎಲೆಯೊಂದರ ಅಂಚಿಗೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಮರಿಗಳು ಗುಂಪಾಗಿ ಬಾಲ ಆಡಿಸುತ್ತಿದ್ದವು.