ಒಮೆಗಾ ಸೆಂಟಾರಿ ನೋಡಲು ಹೊರಡುವ ಮುನ್ನ ಪಂಚಾಂಗ ತೆಗೆಯಿರಿ

ಕಪ್ಪು ಆಕಾಶ ಬೇಕೆಂದರೆ ಎಲ್ಲರೂ ಲಡಾಖಿನ ಹಾನ್ಲೆಗೆ ಹೋಗಿ ಎನ್ನುತ್ತಾರೆ. ಒಮೆಗಾ ಸೆಂಟಾರಿಯ ಮಟ್ಟಿಗೆ ಆ ಸಲಹೆಯನ್ನು ಬದಿಗಿಡಿ. ಇಡೀ ಆಕಾಶದಲ್ಲೇ ಅತಿ ಪ್ರಕಾಶಮಾನವಾದ ಈ ಗೋಳಾಕಾರದ ನಕ್ಷತ್ರಗುಚ್ಛ ಹಾನ್ಲೆಯಲ್ಲಿ ದಿಗಂತದಿಂದ ಬರೀ 10 ಡಿಗ್ರಿಯಷ್ಟು ಮೇಲೇರುತ್ತದೆ. ಅಷ್ಟನ್ನೂ ಬೆಟ್ಟಗಳು ಮರೆಮಾಡಬಹುದು. ದೆಹಲಿಯವರಿಗೆ 14 ಡಿಗ್ರಿ. ನಮ್ಮ ಗುಂಡ್ಲುಪೇಟೆಯಲ್ಲಿ ಅದು ಸುಮಾರು 31 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತದೆ.

ಗುಂಡ್ಲುಪೇಟೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನೋಡಬೇಕಾದದ್ದು ದಕ್ಷಿಣಕ್ಕೆ, ಆದ್ದರಿಂದ ಊರಿನ ಬೆಳಕು ಬೆನ್ನಿಗಿರಬೇಕು. ಮೈಸೂರಿನ ಬೆಳಕು ಅಲ್ಲಿ ಉತ್ತರಕ್ಕೆ ಉಳಿಯುತ್ತದೆ, ಎದುರಿಗೆ ಬಂಡೀಪುರದ ಕಾಡು. ಬೆಂಗಳೂರಿನ ಉತ್ತರಕ್ಕೆ ಎಷ್ಟೇ ದೂರ ಹೋದರೂ ಈ ಅನುಕೂಲ ಸಿಗುವುದಿಲ್ಲ.

ಇನ್ನು ಸಮಯ. ಪ್ರವಾಸ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಏಪ್ರಿಲ್ ಮಧ್ಯದಲ್ಲಿ ಈ ಗುಚ್ಛ ರಾತ್ರಿ 12.20ರ ಆಸುಪಾಸಿಗೆ ನೆತ್ತಿರೇಖೆಗೆ, ಅಂದರೆ ನೇರ ದಕ್ಷಿಣಕ್ಕೆ ಬರುತ್ತದೆ. ದಿನಕ್ಕೆ ನಾಲ್ಕು ನಿಮಿಷ ಮೊದಲು, ತಿಂಗಳಿಗೆ ಎರಡು ಗಂಟೆ ಮೊದಲು ಎಂದು ಲೆಕ್ಕ ಹಾಕಿ. ಮಾರ್ಚ್ 20ಕ್ಕೆ ನಸುಕಿನ ಎರಡು ಗಂಟೆ, ಮೇ ಮಧ್ಯಕ್ಕೆ ರಾತ್ರಿ ಹತ್ತೂವರೆಯ ಒಳಗೆ. ಆ ಗಳಿಗೆಯ ಹಿಂದೆ ಮುಂದೆ ಒಂದೂವರೆ ಗಂಟೆ ಸರಿದರೂ ಎತ್ತರದಲ್ಲಿ ಮೂರು ನಾಲ್ಕು ಡಿಗ್ರಿಗಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ. ಗಂಟೆ ಅನುಕೂಲವಾಗಿದೆ, ಮಕ್ಕಳಿಗೂ ರಜೆ ಎಂದು ಹಲವರು ಮೇ ತಿಂಗಳನ್ನು ಇಟ್ಟುಕೊಳ್ಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ: ಆ ಹೊತ್ತಿಗೆ ಸಂಜೆಯ ಗುಡುಗು ಮೋಡಗಳು ದಕ್ಷಿಣವನ್ನು ಮುಚ್ಚಿರುತ್ತವೆ. ನಿದ್ದೆಗೆಟ್ಟರೂ ಮಾರ್ಚ್ ವಾಸಿ.

ಚಂದ್ರನ ವಿಷಯಕ್ಕೆ ಮನೆಯ ಕ್ಯಾಲೆಂಡರ್ ಸಾಕು. ಯುಗಾದಿ ಬರುವುದೇ ಅಮಾವಾಸ್ಯೆಯ ಬೆನ್ನಿಗೆ. ಹಬ್ಬದಿಂದ ಸಪ್ತಮಿಯವರೆಗೂ ಚಂದ್ರ ಬೇಗನೆ ಮುಳುಗುವುದರಿಂದ ತಡರಾತ್ರಿ ಕತ್ತಲೆ ಸಿಗುತ್ತದೆ. ನಾವೂ ಒಬ್ಬಟ್ಟಿನ ಊಟ ಮುಗಿಸಿಯೇ ಮೈಸೂರಿನಿಂದ ಹೊರಟೆವು. ಶಿವರಾತ್ರಿಯ ಜಾಗರಣೆ ಇನ್ನೊಂದು ಅವಕಾಶ, ಆದರೆ ಗುಚ್ಛಕ್ಕಾಗಿ ನಸುಕಿನ ಮೂರೂವರೆ, ನಾಲ್ಕರವರೆಗೆ ಕಾಯಬೇಕು. ಚೈತ್ರ ಹುಣ್ಣಿಮೆಯನ್ನಂತೂ ಬಿಟ್ಟುಬಿಡಿ. ಅಂದು ಚಂದ್ರ ಚಿತ್ರಾ ನಕ್ಷತ್ರದ ಬಳಿಯಲ್ಲೇ ಇರುತ್ತಾನೆ, ಮತ್ತು ನಮಗೆ ದಾರಿ ತೋರಿಸುವುದು ಅದೇ ಚಿತ್ರಾ.

ಚಿತ್ರಾದಿಂದ ನೇರ ಕೆಳಕ್ಕೆ ಸುಮಾರು 36 ಡಿಗ್ರಿ, ಅಂದರೆ ಚಾಚಿದ ಕೈಯ ಮೂರೂವರೆ ಮುಷ್ಟಿಯಷ್ಟು ಇಳಿದರೆ ಗುಚ್ಛ ಅಲ್ಲೇ ಇದೆ. ಗುಚ್ಛ ನೇರ ದಕ್ಷಿಣಕ್ಕೆ ಬರುವ ಸುಮಾರು ಒಂದು ಗಂಟೆ ಮೊದಲು ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಪುಂಜ ನೆಟ್ಟಗೆ ನಿಂತಿರುತ್ತದೆ. ಅದನ್ನು ಕಂಡಾಗ ದೂರದರ್ಶಕ ಹೊಂದಿಸಿಕೊಳ್ಳಿ. ಬರಿಗಣ್ಣಿಗೆ ಕಾಣುವುದು ಮಸುಕಾದ ಒಂದು ನಕ್ಷತ್ರ. ಪ್ರಾಚೀನ ಖಗೋಳಜ್ಞ ಟಾಲೆಮಿಯ ಪಟ್ಟಿಯಲ್ಲಿ ಅದು ನಕ್ಷತ್ರವೇ ಆಗಿತ್ತು. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿದ ಎಡ್ಮಂಡ್ ಹ್ಯಾಲಿ ಅದು ನಕ್ಷತ್ರವಲ್ಲವೆಂದು ಗುರುತಿಸಿದ. 10×50ರ ಬೈನಾಕ್ಯುಲರ್‌ನಲ್ಲಿ ಹುಣ್ಣಿಮೆ ಚಂದ್ರನಿಗೆ ಹೋಲಿಸಬಹುದಾದ ಅಗಲದ ಬೆಳ್ಳನೆಯ ಉಂಡೆ. ಎಂಟು ಇಂಚಿನ ಡಾಬ್ಸೋನಿಯನ್ ದೂರದರ್ಶಕದಲ್ಲಿ ನೂರು ಪಟ್ಟು ಹಿಗ್ಗಿಸಿದಾಗ ಆ ಉಂಡೆ ಅಂಚಿನಿಂದ ನಡುವಿನವರೆಗೂ ಚುಕ್ಕಿ ಚುಕ್ಕಿಯಾಗಿ ಬಿಡಿಸಿಕೊಂಡಿತು. ಸುಮಾರು 17,000 ಜ್ಯೋತಿರ್ವರ್ಷ ದೂರದ ಒಂದು ಕೋಟಿ ನಕ್ಷತ್ರಗಳು. ನಮ್ಮಲ್ಲಿ ಯಾರೂ ಇನ್ನೊಬ್ಬರಿಗೆ ಕಣ್ಣುಮಸೂರ ಬಿಟ್ಟುಕೊಡಲು ಸಿದ್ಧರಿರಲಿಲ್ಲ!

ಜಾಗದ ಬಗ್ಗೆ ಎಚ್ಚರವಿರಲಿ. ಗೋಪಾಲಸ್ವಾಮಿ ಬೆಟ್ಟದಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಕಾಡಂಚಿನ ಹೊಲಗಳಿಗೆ ಆನೆ, ಹಂದಿ ಬರುತ್ತವೆ, ಅಟ್ಟಣೆಯ ಕಾವಲಿನವರು ಆಗಾಗ ಟಾರ್ಚ್ ಬೀಸುತ್ತಾರೆ. ಕಾಡಿನಿಂದ ದೂರದ, ಪರಿಚಿತರ ಹೊಲವನ್ನೇ ಕೇಳಿಕೊಳ್ಳಿ, ಅಕ್ಕಪಕ್ಕದವರಿಗೂ ಹಗಲೇ ಹೇಳಿಟ್ಟಿರಿ. ಕೆಂಪು ಕಾಗದ ಸುತ್ತಿದ ಟಾರ್ಚ್ ನಿಮ್ಮ ಕಣ್ಣಿಗೂ ಹಿತ, ಅವರ ಕಣ್ಣಿಗೂ ಹಿತ.

ಬೇಸಗೆಯಲ್ಲಿ ಕಾಳ್ಗಿಚ್ಚಿನ ಹೊಗೆ, ರಸ್ತೆಯ ಧೂಳು ದಕ್ಷಿಣದ ದಿಗಂತವನ್ನು ಮಬ್ಬಾಗಿಸುತ್ತವೆ. ಮುಂಗಾರಿಗೆ ಮುಂಚಿನ ಒಂದು ಮಳೆ ಬಿದ್ದು ಮೋಡ ಚದುರಿದ ಮರುರಾತ್ರಿಯಂಥದ್ದು ಬೇರಿಲ್ಲ. ದಿನಾಂಕ ಒಂದೆರಡು ದಿನ ಸರಿಸಲು ಸಾಧ್ಯವಿದ್ದರೆ ಅದಕ್ಕಾಗಿ ಕಾಯಿರಿ. ಅಂಥ ರಾತ್ರಿ ಸಿಕ್ಕಿದರೆ ಗುಚ್ಛದಿಂದ ನಾಲ್ಕೂವರೆ ಡಿಗ್ರಿ ಮೇಲಕ್ಕೆ ಸರಿದು ಸೆಂಟಾರಸ್ ಎ ಗ್ಯಾಲಕ್ಸಿಯನ್ನೂ ಹುಡುಕಿ. ನಮಗೆ ಅದು ಮಂಜಿನ ತುಣುಕಿನಂತೆ ಕಂಡಿತು, ನಡುವಿನ ಕಪ್ಪು ಪಟ್ಟಿ ಮಾತ್ರ ಹಟ ಹಿಡಿದು ನೋಡಿದವರಿಗಷ್ಟೇ ದಕ್ಕಿತು. ನೋಡಿ ಮುಗಿದ ಮೇಲೆ ಕೂಡಲೇ ಕಾರು ಹತ್ತಬೇಡಿ. ಚಾಪೆ ಹಾಸಿ ಬೆಳಕಾಗುವವರೆಗೆ ಮಲಗಿ, ಆಮೇಲೆ ಹೊರಡಿ.